ಅವ್ವನ ಯಾತ್ರೆಗೆ ಫೋನಿನಲ್ಲಿ ಯಾವ ಆ್ಯಪ್‌ಗಳಿರಬೇಕು?

ಯಾದಗಿರಿ ಗಣಿತ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿಯವಳು, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಅವ್ವನಿಗೆ 61 ವರ್ಷ, ಚಿಗವ್ವನಿಗೆ 56. ಇಬ್ಬರೇ ಸೇರಿ ಮುಂದಿನ ತಿಂಗಳು ಗಾಣಗಾಪುರ, ಅಕ್ಕಲಕೋಟೆ, ತುಳಜಾಪುರ, ಪಂಢರಪುರ ಮಾಡಿಕೊಂಡು ಬರುವುದೆಂದು ನಿಶ್ಚಯಿಸಿದ್ದಾರೆ. ಐದು ದಿನದ ಯಾತ್ರೆ. ಅಪ್ಪ ಇದ್ದಾಗ ಎಲ್ಲ ಕಡೆಗೂ ಅವರೇ ಕರೆದುಕೊಂಡು ಹೋಗುತ್ತಿದ್ದರು. ಟಿಕೆಟ್ ಎಲ್ಲಿ ತೆಗೆದರು, ಯಾವ ಬಸ್ ಹಿಡಿದರು ಎಂಬುದನ್ನು ಅವ್ವ ಎಂದೂ ವಿಚಾರಿಸಿದವಳಲ್ಲ. ಅಪ್ಪ ಹೋಗಿ ಮೂರು ವರ್ಷವಾಯಿತು. ಈಗ ಮೊದಲ ಸಲ, ತಾನೇ ಹೋಗಿ ಬರುತ್ತೇನೆ ಎನ್ನುತ್ತಿದ್ದಾಳೆ. ನನಗೆ ಪರೀಕ್ಷೆಯ ಕೆಲಸವಿದೆ, ರಜೆ ಸಿಗುವುದಿಲ್ಲ. ಬೇಡ ಎನ್ನಲು ಮನಸ್ಸೂ ಬರುವುದಿಲ್ಲ.

ಅವ್ವನ ಫೋನು 32 ಜಿಬಿಯದು. ಅದರಲ್ಲಿ 3 ಜಿಬಿ ಜಾಗ ಉಳಿದಿದೆ. ಅವಳು ಕನ್ನಡವನ್ನು ಚೆನ್ನಾಗಿ ಓದುತ್ತಾಳೆ, ಹಿಂದಿ ಮಾತನಾಡಿದರೆ ತಿಳಿಯುತ್ತದೆ, ಇಂಗ್ಲಿಷ್ ಬಾರದು. ಪ್ರಯಾಣಿಕರಿಗೆ ಉಪಯುಕ್ತ ಆ್ಯಪ್‌ಗಳು ಎಂದು ಹುಡುಕಿದರೆ ವಿಮಾನ, ವಿದೇಶಿ ಹಣ, ದೊಡ್ಡ ಹೋಟೆಲುಗಳ ಪಟ್ಟಿಯೇ ಬರುತ್ತದೆ. ಬುತ್ತಿ ಗಂಟು ಹಿಡಿದು ಯಾದಗಿರಿ ಸ್ಟೇಷನ್ನಿನಲ್ಲಿ ನಿಂತಿರುವ ಹೆಂಗಸಿಗೆ ಏನು ಬೇಕು ಎಂದು ಯಾರೂ ಬರೆದಿಲ್ಲ.

ರೈಲು ಎಲ್ಲಿದೆ, ಯಾವಾಗ ಇಳಿಯಬೇಕು ಎಂಬುದು ಅವಳಿಗೆ ತಾನಾಗಿ ತಿಳಿಯಬೇಕು. ಮರಾಠಿ ಬೋರ್ಡು ಓದಲು ಒಂದು ದಾರಿ ಬೇಕು. ಗಂಟೆಗೊಮ್ಮೆ ಫೋನ್ ಮಾಡಿ ಪೀಡಿಸದೆಯೇ ಅವರು ಎಲ್ಲಿದ್ದಾರೆಂದು ನನಗೆ ಗೊತ್ತಾಗಬೇಕು. ಇಷ್ಟಕ್ಕೆ ಎಷ್ಟು ಕಡಿಮೆ ಆ್ಯಪ್‌ಗಳಲ್ಲಿ ಆಗುತ್ತದೆಯೋ ಅಷ್ಟು ಒಳ್ಳೆಯದು. ತಿಳಿದವರು ದಯವಿಟ್ಟು ಹೇಳಿ.

ವಾಡಿ ಪಾಸಿನವನು:

ಮೇಡಂ, ನಾನು ಹನ್ನೊಂದು ವರ್ಷದಿಂದ ವಾಡಿಯಿಂದ ಕಲಬುರಗಿಗೆ ದಿನವೂ ಓಡಾಡುತ್ತಿದ್ದೇನೆ. ರೈಲಿನ ಮಟ್ಟಿಗೆ ಹೇಳುತ್ತೇನೆ.

ಮೊದಲು ಹಾಕಬೇಕಾದದ್ದು 'ವೇರ್ ಈಸ್ ಮೈ ಟ್ರೇನ್'. ಬೆಂಗಳೂರಿನವರೇ ಮಾಡಿದ್ದು, 2018ರಲ್ಲಿ ಗೂಗಲ್ ಕೊಂಡುಕೊಂಡಿತು. ರೈಲಿನೊಳಗೆ ಕುಳಿತಾಗ ಅದು ಮೊಬೈಲ್ ಟವರುಗಳ ಗುರುತು ಹಿಡಿದು ರೈಲು ಎಲ್ಲಿದೆ ಎಂದು ಹೇಳುತ್ತದೆ, ಇಂಟರ್ನೆಟ್ ಬೇಕಾಗಿಲ್ಲ. ವೇಳಾಪಟ್ಟಿಯೂ ಫೋನಿನಲ್ಲೇ ಇರುತ್ತದೆ. ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಕೊಡಿ. ಇಳಿಯುವ ಸ್ಟೇಷನ್ನಿಗೆ ಅಲಾರಂ ಇಡುವ ಸೌಲಭ್ಯವನ್ನು ಮಾತ್ರ ಮರೆಯದೆ ಕಲಿಸಿ. ನಮ್ಮ ತಂದೆ ಒಮ್ಮೆ ರಾತ್ರಿಯ ರೈಲಿನಲ್ಲಿ ಯಾದಗಿರಿಗೆ ಬರುತ್ತ ನಿದ್ದೆ ಹೋಗಿ, ಕಣ್ಣು ಬಿಟ್ಟಾಗ ರಾಯಚೂರು ಬಂದಿತ್ತು. ಸಕ್ಕರೆ ಕಾಯಿಲೆಯ ಮನುಷ್ಯ, ಗುಳಿಗೆ ಮನೆಯಲ್ಲಿ. ಆ ರಾತ್ರಿ ನಾವು ಪಟ್ಟ ಪಾಡು ಯಾರಿಗೂ ಬೇಡ. ಅಂದಿನಿಂದ ನಮ್ಮ ಮನೆಯಲ್ಲಿ ಅಲಾರಂ ಇಡದೆ ಯಾರೂ ರಾತ್ರಿ ರೈಲು ಹತ್ತುವುದಿಲ್ಲ.

ಟಿಕೆಟ್ಟಿಗೆ ರೈಲ್ವೆಯದೇ 'ರೈಲ್‌ವನ್' ಸಾಕು. 2025ರ ಜುಲೈ 1ರಂದು ಬಂದದ್ದು. ಕಾಯ್ದಿರಿಸಿದ ಟಿಕೆಟ್, ಜನರಲ್ ಟಿಕೆಟ್ ಎರಡೂ ಅದರಲ್ಲೇ ಆಗುತ್ತವೆ. ಜನರಲ್ ಟಿಕೆಟ್ ಬಗ್ಗೆ ಎರಡು ಮಾತು ನೆನಪಿರಲಿ. ಕಾಗದವಿಲ್ಲದ ಟಿಕೆಟನ್ನು ಸ್ಟೇಷನ್ನಿನ ಹೊರಗೇ ತೆಗೆದುಕೊಳ್ಳಬೇಕು, ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ಆಗುವುದಿಲ್ಲ. ಮತ್ತು ತನಿಖೆಯವರಿಗೆ ಟಿಕೆಟನ್ನು ಆ್ಯಪಿನಲ್ಲೇ ತೆರೆದು ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯದು. ನೀವು ನಿಮ್ಮ ಫೋನಿನಲ್ಲಿ ತೆಗೆದು ಅವ್ವನಿಗೆ ಚಿತ್ರ ಕಳಿಸಿದರೆ ಅದು ಟಿಕೆಟ್ ಎನಿಸುವುದಿಲ್ಲ. ಅವ್ವನವರಿಗೆ ಕಷ್ಟವೆನಿಸಿದರೆ ಕೌಂಟರಿನ ಕಾಗದದ ಟಿಕೆಟ್ಟೇ ಒಳ್ಳೆಯದು, ಅದರಲ್ಲಿ ಯಾವ ಕೊರತೆಯೂ ಇಲ್ಲ.

ಇನ್ನೊಂದು: ಬಹಳಷ್ಟು ರೈಲುಗಳಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಬಂದ್ ಮಾಡಿರುತ್ತಾರೆ. ಬ್ಯಾಟರಿ ತುಂಬಿಸಿಕೊಂಡೇ ಹತ್ತಬೇಕು. ಏನೇ ತೊಂದರೆಯಾದರೂ ರೈಲ್ವೆ ಸಹಾಯವಾಣಿ 139.

ಕಲಬುರಗಿ ಕ್ರೂಸರ್:

ಅಕ್ಕಾವರೇ, ನಮಸ್ಕಾರ. ನನ್ನದೊಂದು ಕ್ರೂಸರ್ ಗಾಡಿ ಇದೆ. ಹದಿನಾಲ್ಕು ವರ್ಷದಿಂದ ಮನೆಮಂದಿಯನ್ನು ತುಳಜಾಪುರ, ಪಂಢರಪುರ, ಮಂತ್ರಾಲಯ, ಶ್ರೀಶೈಲಕ್ಕೆ ಕರೆದುಕೊಂಡು ಹೋಗಿ ಬರುತ್ತಿದ್ದೇನೆ. ನಿಮ್ಮ ಅವ್ವನವರ ವಯಸ್ಸಿನ ತಾಯಂದಿರೇ ನನ್ನ ಗಾಡಿಯಲ್ಲಿ ಹೆಚ್ಚು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆ್ಯಪು ಯಾವುದೇ ಇರಲಿ, ಅದು ಕೆಲಸಕ್ಕೆ ಬರುವುದು ಮನೆಯಲ್ಲಿ ಮಾಡಿಕೊಂಡ ತಯಾರಿಯಿಂದ. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳುವುದು ಹೊರಡುವ ಹಿಂದಿನ ರಾತ್ರಿ. ದಾರಿಯಲ್ಲಿ ಹಸಿವಾದ ಮೇಲೆ ಯಾರೂ ಹಿಟ್ಟು ಕಲಸುವುದಿಲ್ಲ. ನಕ್ಷೆಯೂ ಹಾಗೆಯೇ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿದರೆ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳುವ ಜಾಗ ಸಿಗುತ್ತದೆ. ಕಲಬುರಗಿಯಿಂದ ಪಂಢರಪುರದವರೆಗಿನ ಚೌಕವನ್ನು ಮನೆಯ ವೈಫೈಯಲ್ಲಿ ಇಳಿಸಿಡಿ. ಹೊರಡುವ ಹಿಂದಿನ ದಿನ ಒಮ್ಮೆ ನವೀಕರಿಸಿ.

ಶ್ರೀಶೈಲದ ದಾರಿಯಲ್ಲಿ ನಲ್ಲಮಲ ಕಾಡು ಹೊಕ್ಕ ಮೇಲೆ ಸಿಗ್ನಲ್ ಹೋಗಿಬಿಡುತ್ತದೆ. ಒಮ್ಮೆ ಒಂಬತ್ತು ಜನ ಗಾಡಿಯಲ್ಲಿದ್ದರು, ಎಲ್ಲರ ಕೈಯಲ್ಲೂ ಫೋನು, ಒಬ್ಬರದರಲ್ಲೂ ನಕ್ಷೆ ಮೂಡಲಿಲ್ಲ. ನನ್ನ ಹಳೆಯ ಫೋನಿನಲ್ಲಿ ಮಾತ್ರ ಮೊದಲೇ ಇಳಿಸಿಟ್ಟದ್ದಿತ್ತು. ಆದರೆ ನಕ್ಷೆ ಹೇಳದ ಸಂಗತಿಯೂ ಇರುತ್ತದೆ. ಅದೇ ದಾರಿಯಲ್ಲಿ ಮನ್ನನೂರಿನ ಅರಣ್ಯ ಗೇಟನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ನಕ್ಷೆ ಮಾತ್ರ ದಾರಿ ತೆರೆದಿದೆ ಎಂದೇ ತೋರಿಸುತ್ತಿರುತ್ತದೆ. ಹಾಗಾಗಿ ಊರಿನವರನ್ನು ಕೇಳುವುದನ್ನು ಬಿಡಬಾರದು.

ನಿಮ್ಮ ಅವ್ವನವರ ದಾರಿ ಅಷ್ಟು ಕಠಿಣವಲ್ಲ. ಗಾಣಗಾಪುರ ರೋಡ್, ದುಧನಿ, ಅಕ್ಕಲಕೋಟ ರೋಡ್, ಸೊಲ್ಲಾಪುರ, ಎಲ್ಲವೂ ಒಂದೇ ರೈಲು ಮಾರ್ಗದಲ್ಲಿವೆ. ಆದರೆ ಸ್ಟೇಷನ್ನಿಗೂ ದೇವಸ್ಥಾನಕ್ಕೂ ಅಂತರವಿದೆ ಎಂಬುದನ್ನು ಮೊದಲೇ ಹೇಳಿಡಿ. ಗಾಣಗಾಪುರ ರೋಡಿನಲ್ಲಿ ಇಳಿದರೆ ದತ್ತನ ಸನ್ನಿಧಿ ಬಂದೇ ಬಿಟ್ಟಿತೆಂದು ತಿಳಿದು ನಡೆಯಲು ಹೊರಟ ಹಿರಿಯರನ್ನು ನಾನು ಕಂಡಿದ್ದೇನೆ. ಸೊಲ್ಲಾಪುರದಿಂದ ತುಳಜಾಪುರಕ್ಕೆ ಸುಮಾರು 45 ಕಿಲೋಮೀಟರ್, ಪಂಢರಪುರಕ್ಕೆ ಎಪ್ಪತ್ತರ ಮೇಲೆ. ಎರಡಕ್ಕೂ ಬಸ್ಸೇ ಅನುಕೂಲ.

ಮರಾಠಿಗೆ ಗೂಗಲ್ ಟ್ರಾನ್ಸ್‌ಲೇಟ್ ಹಾಕಿಕೊಡಿ. ಕನ್ನಡ, ಮರಾಠಿ ಎರಡೂ ಭಾಷೆಗಳನ್ನು ಮೊದಲೇ ಇಳಿಸಿಡಿ, ಆಗ ಬರೆದದ್ದು ನೆಟ್ ಇಲ್ಲದೆಯೂ ಅನುವಾದವಾಗುತ್ತದೆ. ನೆಟ್ ಇದ್ದಾಗ ಕ್ಯಾಮೆರಾವನ್ನು ಬಸ್ಸಿನ ಬೋರ್ಡಿಗೆ ಹಿಡಿದರೆ ಅಕ್ಷರ ಕನ್ನಡವಾಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಯಲ್ಲಿ ಕನ್ನಡ ಮಾತನಾಡುವವರು ಬೇಕಾದಷ್ಟು ಜನರಿದ್ದಾರೆ, ಅಲ್ಲಿ ಬಾಯಿಯೇ ಸಾಕು. ಪಂಢರಪುರದಲ್ಲಿ ಈ ಆ್ಯಪು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನೀವು ಕೇಳಿದ ಕೊನೆಯ ಮಾತಿಗೆ ಹೊಸ ಆ್ಯಪು ಬೇಡ. ವಾಟ್ಸ್ಆ್ಯಪ್‌ನಲ್ಲೇ ಲೈವ್ ಲೊಕೇಶನ್ ಇದೆ: ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂದು ಮೂರು ಆಯ್ಕೆ. ಬೆಳಿಗ್ಗೆ ಚಹಾ ಕುಡಿದ ಕೂಡಲೇ ಎಂಟು ಗಂಟೆಯದನ್ನು ಒತ್ತುವ ರೂಢಿ ಮಾಡಿಸಿ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಒಂದು ಪವರ್ ಬ್ಯಾಂಕ್ ಜೊತೆಗಿರಲಿ.

ಕೊನೆಗೊಂದು ಬಿನ್ನಹ. ಫೋನನ್ನು ಹೊರಗೆ ಕೊಟ್ಟು ಒಳಗೆ ಹೋಗಬೇಕಾದ ದೇವಸ್ಥಾನಗಳಿರುತ್ತವೆ. ಸಾಲಿನಲ್ಲಿ ಅಕ್ಕ ತಂಗಿ ಬೇರೆಯಾದರೆ ಆಗ ಯಾವ ಆ್ಯಪೂ ಇಲ್ಲ. ಒಂದು ಚೀಟಿಯಲ್ಲಿ ನಿಮ್ಮ ನಂಬರು, ಇಳಿದುಕೊಂಡ ಜಾಗದ ಹೆಸರು ಬರೆದು ಇಬ್ಬರ ಹತ್ತಿರವೂ ಇಡಿ. ಬೇರೆಯಾದರೆ ಎಲ್ಲಿ ಸೇರಬೇಕೆಂದು ಒಳಗೆ ಹೋಗುವ ಮೊದಲೇ ಮಾತಾಗಿರಲಿ. ಪಂಢರಪುರದಲ್ಲಿ ನಾನು ವಿಠ್ಠಲನ ಗುಡಿಯ ಬಾಗಿಲಲ್ಲಿರುವ ನಾಮದೇವನ ಮೆಟ್ಟಿಲನ್ನು ಹೇಳುತ್ತೇನೆ. ಯಾರನ್ನು ಕೇಳಿದರೂ ತೋರಿಸುತ್ತಾರೆ.

ಯಾದಗಿರಿ ಗಣಿತ ಟೀಚರ್:

ಅಣ್ಣಾವರೇ, ಗಾಣಗಾಪುರ ರೋಡಿನ ಮಾತು ಕೇಳಿ ಎದೆ ಝಲ್ಲೆಂದಿತು. ಅವ್ವನೂ ಸ್ಟೇಷನ್ ಪಕ್ಕದಲ್ಲೇ ಗುಡಿ ಎಂದುಕೊಂಡಿದ್ದಳು. ಅಪ್ಪ ಇಳಿದ ಕೂಡಲೇ ಜೀಪು ಹತ್ತಿಸುತ್ತಿದ್ದರಂತೆ, ಎಷ್ಟು ದೂರವೆಂದು ಅವಳ ನೆನಪಿನಲ್ಲಿ ಉಳಿದೇ ಇಲ್ಲ.

ಇನ್ನೆರಡು ಸಂದೇಹ. ಆಧಾರ್ ಕಾರ್ಡನ್ನು ಕೈಯಲ್ಲಿ ಕೊಟ್ಟು ಕಳಿಸಲು ಭಯ, ಕಳೆದುಕೊಂಡರೆ ಕಷ್ಟ. ಫೋನಿನಲ್ಲಿದ್ದರೆ ನಡೆಯುತ್ತದೆಯೇ? ಹಣವನ್ನು ಫೋನಿನಲ್ಲಿಡಬೇಕೇ, ನಗದು ಕೊಡಬೇಕೇ?

ಶಹಾಪುರ ಮೊಬೈಲ್ ರಿಪೇರಿ:

ಟೀಚರ್, ದಾಖಲೆಗಳನ್ನು ಫೋನಿನಲ್ಲಿಡುವ ಸರ್ಕಾರಿ ಆ್ಯಪು ಡಿಜಿಲಾಕರ್ ಹಾಕಿ. ರೈಲಿನಲ್ಲಿ ಗುರುತಿಗೆ ಅದರಲ್ಲಿರುವ ಆಧಾರ್ ಅನ್ನು 2018ರಿಂದಲೇ ಒಪ್ಪುತ್ತಾರೆ. ಆದರೆ ಸರ್ಕಾರದಿಂದ ನೇರವಾಗಿ ಬಂದ ದಾಖಲೆಗಳ ವಿಭಾಗದಲ್ಲಿ ಅದು ಇರಬೇಕು. ನೀವೇ ಫೋಟೋ ತೆಗೆದು ಏರಿಸಿದ್ದು ನಡೆಯುವುದಿಲ್ಲ. ಅಂಗಡಿಗೆ ಬರುವವರಲ್ಲಿ ಬಹಳ ಜನ ತಪ್ಪುವುದು ಇಲ್ಲಿಯೇ. ನೆಟ್ ಇಲ್ಲದ ಕಡೆ ಅದು ತೆರೆದುಕೊಳ್ಳದಿದ್ದರೆ ಪರದಾಡಬೇಕಾಗುತ್ತದೆ, ಆದ್ದರಿಂದ ಇಬ್ಬರಲ್ಲಿ ಒಬ್ಬರ ಮೂಲ ಕಾರ್ಡಾದರೂ ಸಂಚಿಯಲ್ಲಿರಲಿ. ನಮ್ಮ ಸಾರಿಗೆ ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ಟಿಗೂ ಗುರುತಿನ ಚೀಟಿ ಬೇಕಲ್ಲ. ಆ ಉಚಿತ ಪ್ರಯಾಣ ರಾಜ್ಯದೊಳಗೆ ಮಾತ್ರ, ಗಡಿ ದಾಟುವ ಬಸ್ಸಿಗೆ ಹಣ ಕೊಡಬೇಕು ಎಂದು ತಿಳಿಸಿ.

ಹಣದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಪಿಂಚಣಿ ಬರುವ ಖಾತೆಯನ್ನು ಫೋನಿಗೆ ಜೋಡಿಸಬೇಡಿ. ಬೇರೊಂದು ಖಾತೆಯಲ್ಲಿ ಐದಾರು ಸಾವಿರ ಹಾಕಿ ಅದನ್ನೇ ಭೀಮ್ ಆ್ಯಪಿಗೆ ಜೋಡಿಸಿ. ಉಳಿದದ್ದು ನಗದು, ಎರಡು ಕಡೆ ಹಂಚಿಟ್ಟು. ಹಣ ಕೊಡುವಾಗ ಮಾತ್ರ ಪಿನ್ ಒತ್ತಬೇಕು, ಪಡೆಯುವಾಗ ಪಿನ್ ಬೇಕಾಗಿಲ್ಲ ಎಂಬುದನ್ನು ಬಾಯಿಪಾಠ ಮಾಡಿಸಿ.

ಕೋಣೆಯನ್ನು ಅಂತರ್ಜಾಲದಲ್ಲಿ ಹುಡುಕಿ ಮುಂಗಡ ಕಟ್ಟಲೇಬೇಡಿ. ನನ್ನ ಮಾವನವರು ಒಂದು ಯಾತ್ರಾಸ್ಥಳದ ಭಕ್ತನಿವಾಸ ಎಂದು ತೋರಿಸಿದ ನಂಬರಿಗೆ 3,200 ರೂಪಾಯಿ ಕಳಿಸಿದರು. ದೇವಸ್ಥಾನದ ಫೋಟೋ, ರಸೀದಿ ಎಲ್ಲವೂ ಬಂದವು. ಹೋಗಿ ನೋಡಿದರೆ ಅವರ ಹೆಸರಿನಲ್ಲಿ ಕೋಣೆಯೇ ಇಲ್ಲ. ಇಂಥದ್ದೇನಾದರೂ ನಡೆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮಾವನವರು ನಾಚಿಕೆಯಿಂದ ನಾಲ್ಕು ದಿನ ನಮಗೆ ಹೇಳಲೇ ಇಲ್ಲ, ಹಣ ಹೋಯಿತು.

ಅಕ್ಷರವನ್ನು ದೊಡ್ಡದು ಮಾಡಿ, ಬೇಕಾದ ಐದು ಆ್ಯಪ್‌ಗಳನ್ನು ಮುಖಪರದೆಯ ಕೆಳಸಾಲಿಗೆ ತನ್ನಿ. ವಾಟ್ಸ್ಆ್ಯಪ್‌ನ ಹಳೆಯ ವಿಡಿಯೋಗಳನ್ನು ಅಳಿಸಿದರೆ ಜಾಗ ತಾನಾಗಿ ಸಿಗುತ್ತದೆ. ಬೀಗದ ಪರದೆಯ ಮೇಲೆ ರಕ್ತದ ಗುಂಪು, ಔಷಧಿ, ನಿಮ್ಮ ನಂಬರು ಕಾಣುವಂತೆ ತುರ್ತು ಮಾಹಿತಿ ತುಂಬಿಸಿ. ಹತ್ತು ನಿಮಿಷದ ಕೆಲಸ.

ಬೀದರ ನಕ್ಷೆ ಹುಚ್ಚ:

ಗೂಗಲ್ ಮ್ಯಾಪ್ಸ್ ಬಗ್ಗೆ ಒಂದು ಮಾತು ಸೇರಿಸಬೇಕು. ನೆಟ್ ಇಲ್ಲದಾಗ ಅದು ವಾಹನದ ದಾರಿಯನ್ನು ಮಾತ್ರ ಹೇಳುತ್ತದೆ, ನಡೆದು ಹೋಗುವ ದಾರಿಯನ್ನು ಹೇಳುವುದಿಲ್ಲ. ಕ್ರೂಸರ್ ಅಣ್ಣನವರಿಗೆ ಅದು ಸರಿಹೋಗುತ್ತದೆ, ಆದರೆ ಕಾಲ್ನಡಿಗೆಯ ಹಿರಿಯರಿಗೆ ಸಾಲದು. 'ಆರ್ಗಾನಿಕ್ ಮ್ಯಾಪ್ಸ್' ಹಾಕಿ. ಉಚಿತ, ಜಾಹೀರಾತಿಲ್ಲ, ಗಲ್ಲಿಗಳಲ್ಲಿ ನಡೆಯುವ ದಾರಿಯನ್ನೂ ನೆಟ್ ಇಲ್ಲದೆ ತೋರಿಸುತ್ತದೆ. ಕೋಣೆಗೆ ಇಳಿದ ಕೂಡಲೇ ಆ ಜಾಗವನ್ನು ಬೆರಳೊತ್ತಿ ಗುರುತು ಮಾಡಿಕೊಂಡರೆ ಎಲ್ಲಿಂದ ಬೇಕಾದರೂ ಮರಳಬಹುದು.

ಇದರ ನಕ್ಷೆ 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನದು, ನಮ್ಮ ನಿಮ್ಮಂಥವರೇ ಬರೆದದ್ದು. ನಾನು ಭಾನುವಾರಗಳಲ್ಲಿ ಬೀದರ ಕೋಟೆಯೊಳಗೆ ತಿರುಗಿ ರಂಗೀನ್ ಮಹಲಿನ ಬಳಿಯ ಮೆಟ್ಟಿಲು, ಕುಡಿಯುವ ನೀರಿನ ನಳ, ನೆರಳಿರುವ ಕಟ್ಟೆಗಳನ್ನು ಒಂದೊಂದಾಗಿ ಸೇರಿಸುತ್ತಿದ್ದೇನೆ. ಮೇ ತಿಂಗಳ ಬಿಸಿಲಿನಲ್ಲಿ ಅಲ್ಲಿಗೆ ಬಂದವರಿಗೆ ಮಹಲಿಗಿಂತ ಮೊದಲು ಬೇಕಾಗುವುದು ನಳ. ನೌಬಾದಿನ ಕರೇಜ್, ಅಂದರೆ ನೆಲದಡಿಯ ಹಳೆಯ ನೀರಿನ ಕಾಲುವೆಯ ಬಾವಿಗಳ ಸುತ್ತಲೂ ಹೀಗೆಯೇ ನಡೆದಿದ್ದೇನೆ. ಟೀಚರ್, ನಿಮ್ಮ ಶಾಲೆಯ ಮಕ್ಕಳಿಂದ ಯಾದಗಿರಿ ಕೋಟೆಯ ಬೆಟ್ಟದ ದಾರಿಯನ್ನು ಬರೆಯಿಸಬಹುದೇ? ಗಣಿತದ ಪಾಠವೂ ಆಗುತ್ತದೆ. ಹೆಸರುಗಳನ್ನು ಕನ್ನಡದಲ್ಲೇ ತುಂಬಬಹುದು.

ಯಾದಗಿರಿ ಗಣಿತ ಟೀಚರ್:

ಎಲ್ಲರಿಗೂ ಮನಃಪೂರ್ವಕ ವಂದನೆ. ನಿನ್ನೆ ಭಾನುವಾರ ಅವ್ವ, ಚಿಗವ್ವ ಇಬ್ಬರನ್ನೂ ಕರೆದುಕೊಂಡು ಯಾದಗಿರಿಯಿಂದ ವಾಡಿಯವರೆಗೆ ಹೋಗಿ ಬಂದೆ. ತಾಲೀಮಿಗೆಂದೇ ಹೋದದ್ದು. ನಾನು ಎದುರಿನ ಸೀಟಿನಲ್ಲಿ ಕುಳಿತು ಬಾಯಿ ಬಿಡಲಿಲ್ಲ. ಅವ್ವ ಕನ್ನಡಕ ಏರಿಸಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಪರದೆಯ ಮೇಲಿನ ಗುರುತು ಒಂದೊಂದೇ ಹೆಸರು ದಾಟುವುದನ್ನು ನೋಡುತ್ತಿದ್ದಳು. "ಇನ್ನು ನಾಲವಾರ ಬರುತ್ತದೆ ನೋಡು" ಎಂದು ಚಿಗವ್ವನಿಗೆ ಹೇಳಿದಳು. ಸ್ವಲ್ಪ ಹೊತ್ತಿನಲ್ಲೇ ಕಿಟಕಿಯಲ್ಲಿ ನಾಲವಾರದ ಹಳದಿ ಬೋರ್ಡು ಬಂತು. ಅವಳ ಮುಖವನ್ನು ನಾನು ಹಾಗೆ ಕಂಡು ಮೂರು ವರ್ಷವಾಗಿತ್ತು.

ಒಂದು ತೊಡಕು ಗೊತ್ತಾಯಿತು: ರೈಲಿನ ಸದ್ದಿನಲ್ಲಿ ಅಲಾರಂ ಅವಳಿಗೆ ಕೇಳಿಸಲಿಲ್ಲ. ಈಗ ಕಂಪನ ಹಾಕಿ, ಫೋನನ್ನು ಸೊಂಟದ ಸಂಚಿಯಲ್ಲಿ ಇಟ್ಟುಕೊಳ್ಳುವುದೆಂದು ಮಾಡಿದ್ದೇವೆ. ಬರುವಾಗ ಯಾದಗಿರಿಗೆ ಮೊದಲೇ ಎದ್ದು ನಿಂತಳು.

ಲೈವ್ ಲೊಕೇಶನ್ ಒತ್ತುವುದು ಮೂರನೆಯ ಸಲಕ್ಕೆ ಬಂತು. ಅನುವಾದದ ಆ್ಯಪನ್ನು ಚಿಗವ್ವನ ಫೋನಿಗೆ ಹಾಕಿದೆ, ಅವಳ ಕೈ ಚುರುಕು. ರೈಲ್‌ವನ್ ಬಿಟ್ಟೆವು, ಕೌಂಟರಿನಲ್ಲೇ ಟಿಕೆಟ್ ತೆಗೆಯುತ್ತಾರೆ. ಚೀಟಿ ಎರಡು ಪ್ರತಿ ಬರೆದು, ನಾಮದೇವನ ಮೆಟ್ಟಿಲು ಎಂದು ಕೆಂಪು ಶಾಯಿಯಲ್ಲಿ ಸೇರಿಸಿದ್ದೇನೆ.

ಬೀದರದ ಅಣ್ಣಾವರೇ, ಒಂಬತ್ತನೆಯ ತರಗತಿಯ ಮಕ್ಕಳನ್ನು ಪರೀಕ್ಷೆ ಮುಗಿದ ಮೇಲೆ ಕೋಟೆ ಬೆಟ್ಟಕ್ಕೆ ಕರೆದೊಯ್ಯುತ್ತೇನೆ. ಮೊದಲು ಎಲ್ಲಿಂದ ಶುರು ಮಾಡಬೇಕೆಂದು ಬರೆಯಿರಿ.