ರಾಕ್ ಅರೌಂಡ್ ದ ಕ್ಲಾಕ್ (1956): ಇದು ಸಿನಿಮಾನಾ, ಹಾಡಿನ ಜಾಹೀರಾತಾ?

ಗಾಂಧಿಕ್ಲಾಸ್: ನಿನ್ನೆ ರಾತ್ರಿ 'ರಾಕ್ ಅರೌಂಡ್ ದ ಕ್ಲಾಕ್' ನೋಡಿದೆ. ಕೊಲಂಬಿಯಾ ಕಂಪನಿಯ ಕಪ್ಪು-ಬಿಳುಪು ಚಿತ್ರ, 77 ನಿಮಿಷ. ಕಥೆ ಅಂಗೈಯಗಲ. ಹಳ್ಳಿ ಕಡೆಯ ಒಂದು ಡಾನ್ಸಿನಲ್ಲಿ ಮ್ಯಾನೇಜರ್ ಒಬ್ಬನ ಕಣ್ಣಿಗೆ ರಾಕ್ ಅಂಡ್ ರೋಲ್ ಗಾಯಕ ಬಿಲ್ ಹೇಲಿಯ ತಂಡ ಬೀಳುತ್ತದೆ, ನ್ಯೂಯಾರ್ಕಿಗೆ ಕರೆತರುತ್ತಾನೆ, ಮುಗೀತು. ನಿರ್ಮಾಪಕ ಸ್ಯಾಮ್ ಕಾಟ್ಜ್‌ಮನ್ ಹಿಂದಿನ ವರ್ಷ ಹಿಟ್ ಆದ ಹಾಡಿನ ಹೆಸರನ್ನೇ ಇಟ್ಟು ದುಡ್ಡು ಬಾಚಿದ. ಇದನ್ನು ಸಿನಿಮಾ ಅನ್ನಬೇಕಾ?

ಹಳೇ ರೀಲು: "ದುಡ್ಡು ಬಾಚಿದ" ಅಂತೆ. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋ ಎಂಜಿಎಂನವರು ಪುಣ್ಯಕ್ಕೆ ಸಿನಿಮಾ ಮಾಡುತ್ತಿದ್ದರಾ ಸ್ವಾಮಿ? ಅವರ 1952ರ 'ಸಿಂಗಿಂಗ್ ಇನ್ ದ ರೇನ್'ಗೆ ಸುಮಾರು 25 ಲಕ್ಷ ಡಾಲರ್ ಬಿತ್ತು. ಈತ ಅದರ ಚಿಲ್ಲರೆಯಲ್ಲಿ ಮುಗಿಸಿದ. ಆ ಚಿಲ್ಲರೆಯಲ್ಲೇ ಪ್ಲ್ಯಾಟರ್ಸ್ ಅನ್ನೋ ಗಾಯಕರ ತಂಡವೂ ಇದೆ, ರೇಡಿಯೋದಲ್ಲಿ ಹಾಡು ಹಾಕುತ್ತಿದ್ದ ಅಲನ್ ಫ್ರೀಡೂ ಇದ್ದಾನೆ. ಅದೆಲ್ಲ ಇರಲಿ, ಹಾಡಿನ ನಡುವಿನ ಆ ಗಿಟಾರ್ ಸೋಲೋ! ಹೇಲಿ ತಂಡದ ಗಿಟಾರ್ ವಾದಕ ಫ್ರಾನಿ ಬೀಚರ್ ಬೆರಳಿಗೆ ಚಿನ್ನದ ಉಂಗುರ ತೊಡಿಸಬೇಕು.

ಮೂರನೇ ತಂತಿ: ಬೀಚರ್ ಬೆರಳಾ? ನುಡಿಸಿದ್ದು ಡ್ಯಾನಿ ಸೆಡ್ರೋನ್. ರೆಕಾರ್ಡ್ ಆಗಿದ್ದು 1954ರ ಏಪ್ರಿಲ್ 12, ನ್ಯೂಯಾರ್ಕಿನ ಪಿಥಿಯನ್ ಟೆಂಪಲ್ ಸ್ಟುಡಿಯೋದಲ್ಲಿ. ಎರಡು ತಿಂಗಳಲ್ಲಿ ಮೆಟ್ಟಿಲಿಂದ ಬಿದ್ದು ಸತ್ತ. ಚಿತ್ರದಲ್ಲಿ ರೆಕಾರ್ಡ್ ಹಾಕಿದ್ದಾರೆ, ಬೀಚರ್ ಸುಮ್ನೆ ಕೈಯಾಡಿಸಿದ್ದಾನೆ.

ಹಳೇ ರೀಲು: ಸುಮ್ನೆ ಕೈಯಾಡಿಸೋದಾ? ಸತ್ತವನನ್ನು ಕ್ಯಾಮೆರಾ ಮುಂದೆ ಕೂರಿಸಕ್ಕಾಗುತ್ತಾ? ಮೊದಲೇ ಮುದ್ರಿಸಿದ ಹಾಡಿಗೆ ನಟಿಸದ ಮ್ಯೂಸಿಕಲ್ ಎಷ್ಟಿವೆ, ಹೇಳಿ.

ಮೂರನೇ ತಂತಿ: ಗಿಟಾರ್ ಒಂದೇ ಅಲ್ಲ. ರೆಕಾರ್ಡಿನ ಸ್ಯಾಕ್ಸೋಫೋನ್ ಜೋಯಿ ಆಂಬ್ರೋಸನದು, ಡ್ರಮ್ ಬಿಲ್ಲಿ ಗುಸ್ಸಾಕನದು. ಪರದೆ ಮೇಲೆ ಸ್ಯಾಕ್ಸ್ ಹಿಡಿದಿರೋದು ರೂಡಿ ಪೊಂಪಿಲ್ಲಿ. ಆಂಬ್ರೋಸ್ ಜೊತೆ ಇನ್ನಿಬ್ಬರು 1955ರಲ್ಲೇ ಸಂಬಳದ ಜಗಳವಾಡಿ ತಂಡ ಬಿಟ್ಟಿದ್ದರು. ಬ್ಯಾಂಡೇ ಬೇರೆ.

ಗಾಂಧಿಕ್ಲಾಸ್: "ಬ್ಯಾಂಡೇ ಬೇರೆ." ಕೇಳಿಸಿಕೊಂಡಿರಾ? ನಾನು ಮೊದಲೇ ಹೇಳಿದೆ, ಮೋಸ.

ಮೂರನೇ ತಂತಿ: ನಾನೆಲ್ಲಿ ಮೋಸ ಅಂದೆ? ನನ್ನ ಬಾಯಲ್ಲಿ ನಿಮ್ಮ ಮಾತು ತುರುಕಬೇಡಿ.

ಮಳೆಗಾಲ: ಗಿಟಾರ್ ಬಿಡ್ರಪ್ಪಾ. ಈ ಚಿತ್ರಕ್ಕೆ ಬ್ರಿಟನ್ನಿನಲ್ಲಿ ಹುಡುಗರು ಥಿಯೇಟರ್ ಒಳಗೇ ಎದ್ದು ಕುಣಿದರು, ಸೀಟು ಹರಿದರು. ಕೆಲವು ಊರುಗಳಲ್ಲಿ ಬ್ಯಾನ್ ಮಾಡಿದರು. ಯಾವ ಎಂಜಿಎಂ ಚಿತ್ರಕ್ಕಿತ್ತು ಈ ತಾಕತ್ತು?

ಗಾಂಧಿಕ್ಲಾಸ್: ಎಂಜಿಎಂ ಹೆಸರೆತ್ತಿದಿರಿ, ಸಂತೋಷ. ಈ ಹಾಡನ್ನು ಹಿಟ್ ಮಾಡಿದ 1955ರ 'ಬ್ಲಾಕ್‌ಬೋರ್ಡ್ ಜಂಗಲ್' ಯಾರದು? ಎಂಜಿಎಂನದೇ!

ಮಳೆಗಾಲ: ಅದು ಮ್ಯೂಸಿಕಲ್ ಅಲ್ಲ.

ಗಾಂಧಿಕ್ಲಾಸ್: ಇದೂ ಅಲ್ಲ.

ಹಳೇ ರೀಲು: ತಂತಿಯವರೇ, ನಿಮ್ಮ ಸೆಡ್ರೋನ್ ಹೊಸದೇನೂ ನುಡಿಸಿಲ್ಲ. ಹೇಲಿಯದೇ 1952ರ 'ರಾಕ್ ದ ಜಾಯಿಂಟ್' ಹಾಕಿ ಕೇಳಿ. ಅದೇ ಸೋಲೋ ಇದೆ. ಕಾಪಿ!

ಮೂರನೇ ತಂತಿ: ಅಯ್ಯೋ, ಅದನ್ನು ನುಡಿಸಿದ್ದೂ ಅವನೇ ಕಣ್ರೀ! ತನ್ನ ಜೇಬಿಗೆ ತಾನೇ ಕೈ ಹಾಕಿದರೆ ಕಳ್ಳತನವಾ? ಈ ಹಾಡಿಗೆ ಅವನಿಗೆ ಸಿಕ್ಕಿದ್ದು 21 ಡಾಲರ್. ಉಂಗುರ ತೊಡಿಸೋದಾದರೆ ಆ ಬೆರಳಿಗೆ ತೊಡಿಸಿ.

ಮಳೆಗಾಲ: ಸಿನಿಮಾ ಬಗ್ಗೆ ಯಾರಾದರೂ ಮಾತಾಡುತ್ತೀರಾ, ಇಲ್ಲಾ ನಾನು ಮಲಗಲಾ?

ಹಳೇ ರೀಲು: ಬೀಚರ್ ಕೂಡ 1954ರಲ್ಲೇ ಹೇಲಿ ಜೊತೆ ಸೇರಿದವನು. ಅಷ್ಟು ಹೇಳಿ ನಿಲ್ಲಿಸುತ್ತೇನೆ.

ಮೂರನೇ ತಂತಿ: ಏಪ್ರಿಲ್‌ಗೆ ಮುಂಚೆಯಾ?