500 ಎಂಎಂ, ಟ್ರೈಪಾಡ್ ಇದ್ದರೂ ಫೋಟೋ ಶೇಕ್ – ದರೋಜಿ ಕರಡಿ – ದಯವಿಟ್ಟು ಹೇಳಿ

ಹೊಸಪೇಟೆ_ಹುಡುಗ:
ಮೂರು ಭಾನುವಾರ ದರೋಜಿ ಕರಡಿಧಾಮಕ್ಕೆ ಹೋಗಿ ಬಂದೆ, ಮೂರೂ ಸಲ ಫೋಟೋ ಹಾಳು. ಕರಡಿ ಬಂಡೆ ಮೇಲೆ ಆರಾಮಾಗಿ ಕೂತು ನೆಕ್ಕುತ್ತಿರುತ್ತೆ, ಓಡೋದಿಲ್ಲ, ಹಾರೋದಿಲ್ಲ. ಕ್ಯಾಮೆರಾ ಸ್ಕ್ರೀನ್‌ನಲ್ಲಿ ಚೆನ್ನಾಗಿ ಕಾಣುತ್ತೆ. ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಿ ನೂರು ಪರ್ಸೆಂಟ್ ಜೂಮ್ ಮಾಡಿದರೆ ಒಂದು ಕೂದಲೂ ಬಿಡಿಯಾಗಿ ಕಾಣಲ್ಲ. ಟ್ರೈಪಾಡ್ ಇದೆ, ಸೆಟ್ಟಿಂಗ್ ಎಲ್ಲ ಸರಿ ಇದೆ. ಇಲ್ಲಿನ ರಿಪೇರಿ ಅಂಗಡಿಯವರು ಲೆನ್ಸ್‌ನಲ್ಲಿ ತೊಂದರೆ ಇಲ್ಲ ಅಂದರು. ತುಂಬಾ ಬೇಜಾರಾಗಿದೆ. ಲೆನ್ಸ್ ಮಾರಿಬಿಡಲಾ?

ಕಾವೇರಿ_ಕ್ಲಿಕ್ಸ್:
ಮಾರಬೇಡಿ. ಯಾವ ಕ್ಯಾಮೆರಾ ಬಾಡಿ, ಯಾವ ಲೆನ್ಸ್, ಶಟರ್ ಸ್ಪೀಡ್ ಎಷ್ಟು?

ಹೊಸಪೇಟೆ_ಹುಡುಗ:
ನಿಕಾನ್ ಡಿ7200, 200-500 ಎಂಎಂ ಲೆನ್ಸ್.

ಕಾವೇರಿ_ಕ್ಲಿಕ್ಸ್:
ಹಾಗಾದರೆ ವಿಆರ್ (ಕೈ ಅಲುಗಾಟ ಸರಿದೂಗಿಸೋ ಲೆನ್ಸ್ ಒಳಗಿನ ವ್ಯವಸ್ಥೆ) ಆಫ್ ಮಾಡಿ. ಟ್ರೈಪಾಡ್ ಮೇಲೆ ವಿಆರ್ ಇಡಲೇಬಾರದು. ಇಲ್ಲದ ಅಲುಗಾಟ ಹುಡುಕಿಕೊಂಡು ಅದೇ ಒಳಗೆ ಅಲುಗುತ್ತೆ. ನಾನು ರಂಗನತಿಟ್ಟಿನಲ್ಲಿ ದಡದ ಮೇಲೆ ಟ್ರೈಪಾಡ್ ಇಟ್ಟಾಗ ಮೊದಲ ಕೆಲಸವೇ ಅದು.

ಹೊಸಪೇಟೆ_ಹುಡುಗ:
ಎರಡನೇ ಭಾನುವಾರ ಆಫ್ ಮಾಡಿಯೇ ತೆಗೆದಿದ್ದು ಸರ್. ಅದೇ ಕಥೆ.

ಕಾವೇರಿ_ಕ್ಲಿಕ್ಸ್:
ಸ್ವಿಚ್ ಅರ್ಧಕ್ಕೆ ನಿಂತಿರಬಹುದು, ಇನ್ನೊಂದು ಸಲ ನೋಡಿ. ನನಗೆ ಇದು ವಿಆರ್ ಅಂತಲೇ ಅನಿಸುತ್ತೆ.

ಮಲೆನಾಡ_ಮಳೆ:
ಎಲ್ಲ ಲೆನ್ಸ್‌ಗೂ ಒಂದೇ ನಿಯಮ ಹೇಳಬೇಡಿ ಸರ್. ಹಳೆಯ ಲೆನ್ಸ್‌ಗಳಿಗೆ ನಿಮ್ಮ ಮಾತು ಸರಿ. ಹೊಸದರಲ್ಲಿ ಹಾಗಲ್ಲ. ಸಡಿಲವಾದ ಟ್ರೈಪಾಡ್ ಹೆಡ್ (ಕ್ಯಾಮೆರಾ ಕೂರೋ ಭಾಗ) ಮೇಲೆ ವಿಆರ್ ಆನ್ ಇದ್ದಾಗಲೇ ನನಗೆ ಒಳ್ಳೆ ಫೋಟೋ ಸಿಕ್ಕಿದೆ.

ಕಾವೇರಿ_ಕ್ಲಿಕ್ಸ್:
ಹದಿನೈದು ವರ್ಷದಿಂದ ಆಫ್ ಮಾಡಿಯೇ ತೆಗೀತಿದ್ದೀನಿ. ನನ್ನ ಹಕ್ಕಿಗಳು ಶಾರ್ಪ್ ಆಗೇ ಇವೆ.

ಕೆನಾನ್_ಗೆಳೆಯ:
ನನ್ನದು 80ಡಿ ಮತ್ತು 100-400 ಎರಡನೇ ಮಾರ್ಕ್, ಕಾರ್ಬನ್ ಫೈಬರ್ ಟ್ರೈಪಾಡ್, ಮೇಲೆ ಗಿಂಬಲ್ ಹೆಡ್. ಲೈವ್ ವ್ಯೂ (ಹಿಂದಿನ ಸ್ಕ್ರೀನ್‌ನಲ್ಲೇ ನೋಡೋದು) ಹಾಕಿದರೆ ಕ್ಯಾಮೆರಾ ಒಳಗಿನ ಕನ್ನಡಿ ಮೇಲೆಯೇ ಇರುತ್ತೆ, ಸೈಲೆಂಟ್ ಶೂಟಿಂಗ್ ಹಾಕಿದರೆ ಶಟರ್‌ನ ಮೊದಲ ಪರದೆ ಎಲೆಕ್ಟ್ರಾನಿಕ್, ಅಂದರೆ ಫೋಟೋ ಶುರುವಾಗುವಾಗ ಒಳಗೆ ಏನೂ ಬಡಿಯೋದೇ ಇಲ್ಲ. ಚಂದ್ರನ ಮೇಲಿನ ಗುಳಿಗಳ ಅಂಚು ಕತ್ತರಿಸಿಟ್ಟ ಹಾಗೆ ಬರುತ್ತೆ. ಫೋಟೋ ಹಾಕಲಾ?

ಮಲೆನಾಡ_ಮಳೆ:
ಚಂದ್ರ ಆಮೇಲೆ. ಹೊಸಪೇಟೆಯವರೇ, ಶಟರ್ ಸ್ಪೀಡ್ ಇನ್ನೂ ಹೇಳಿಲ್ಲ ನೀವು. ಎಷ್ಟು ಗಂಟೆಗೆ ತೆಗೆದಿದ್ದು? ಟ್ರೈಪಾಡ್ ಎಲ್ಲಿ ಇಟ್ಟಿದ್ರಿ?

ಹೊಸಪೇಟೆ_ಹುಡುಗ:
ಅದು ಮುಖ್ಯ ಅಂತ ಗೊತ್ತಿರಲಿಲ್ಲ ಮೇಡಂ. ಸಂಜೆ ಐದೂ ಮುಕ್ಕಾಲು. ಲೆನ್ಸ್ ತೆರವು ಎಫ್ 8, ಬೆಳಕಿನ ಸೂಕ್ಷ್ಮತೆ ಐಎಸ್ಒ 400, ಶಟರ್ 1/40 ಸೆಕೆಂಡ್. ಗ್ರೇನ್ ಬರುತ್ತೆ ಅಂತ ಐಎಸ್ಒ ಏರಿಸಲ್ಲ. ವಾಚ್ ಟವರ್ ಮೇಲೆ ಇಟ್ಟಿದ್ದೆ. ಮುಂದಿನ ಕಟ್ಟೆ ಅಡ್ಡ ಬರುತ್ತೆ ಅಂತ ನಡುವಿನ ಕಂಬ ಪೂರ್ತಿ ಮೇಲೆತ್ತಿದ್ದೆ. ಬಟನ್ ಬೆರಳಲ್ಲೇ ಒತ್ತಿದ್ದು.

ಮಲೆನಾಡ_ಮಳೆ:
ಇದರಲ್ಲೇ ಎಲ್ಲ ಇದೆ ನೋಡಿ. ಡಿ7200 ಸೆನ್ಸರ್‌ನಲ್ಲಿ 500 ಅಂದರೆ ನೋಟ 750 ಎಂಎಂನಷ್ಟು ಇಕ್ಕಟ್ಟು. ಅಲ್ಲಿ 1/40 ತುಂಬಾ ನಿಧಾನ. ಅದೂ ಅಲ್ಲದೆ ಕನ್ನಡಿ ಮೇಲಕ್ಕೆ ಬಡಿದಾಗಿನ ನಡುಕ ಹೆಚ್ಚು ಕಾಡೋದು ಸುಮಾರು 1/4ರಿಂದ 1/60ರ ಒಳಗೆ. ಅದಕ್ಕಿಂತ ಬೇಗ ಆದರೆ ನಡುಕ ದಾಖಲಾಗೋಕೆ ಸಮಯ ಸಾಲಲ್ಲ, ಹಲವು ಸೆಕೆಂಡ್ ಆದರೆ ಆ ನಡುಕದ ಪಾಲು ಸಣ್ಣದಾಗುತ್ತೆ. ನೀವು ಸರಿಯಾಗಿ ಮಧ್ಯದಲ್ಲಿ ನಿಂತಿದ್ದೀರಿ. ಎತ್ತಿದ ಕಂಬ ಅಂದರೆ ಮೂರು ಕಾಲಿನ ಮೇಲೆ ಒಂದು ಕೋಲು ನಿಲ್ಲಿಸಿದ ಹಾಗೆ.

ಎಫ್ 5.6ಕ್ಕೆ ತೆರೆಯಿರಿ, ಐಎಸ್ಒ 1600 ಮಾಡಿ. ಅದೇ ಬೆಳಕಿಗೆ 1/320 ಸಿಗುತ್ತೆ. ಗ್ರೇನ್ ಆಮೇಲೆ ಕಡಿಮೆ ಮಾಡಬಹುದು, ಶೇಕ್ ತೆಗೆಯೋಕೆ ಆಗಲ್ಲ.

ಕಾವೇರಿ_ಕ್ಲಿಕ್ಸ್:
ಶಟರ್ ಮಾತು ಒಪ್ಪಿದೆ. ಆದರೂ ವಿಆರ್ ಆಫ್ ಇರಲಿ.

ಬಯಲುಸೀಮೆ:
ಬಂಡೆಯ ಕಾವು ಯಾರೂ ಹೇಳಲಿಲ್ಲ. ನಮ್ಮ ಬಳ್ಳಾರಿ ಕಡೆ ಕಲ್ಲು ದಿನವಿಡೀ ಕಾದು ಸಂಜೆಯೂ ಬಿಸಿ ಬಿಡುತ್ತಿರುತ್ತೆ. ನಡುವಿನ ಗಾಳಿ ನೀರಿನ ಹಾಗೆ ಅಲುಗುತ್ತೆ. ಅದಕ್ಕೆ ಯಾವ ಟ್ರೈಪಾಡೂ ಮದ್ದಲ್ಲ. ಇನ್ನೊಂದು, ಟವರ್ ಮೇಲೆ ಜನ ಓಡಾಡುವಾಗ ಲೈವ್ ವ್ಯೂ ಪೂರ್ತಿ ಜೂಮ್ ಮಾಡಿ ನೋಡಿ. ಯಾರಾದರೂ ಹೆಜ್ಜೆ ಹಾಕಿದಾಗೆಲ್ಲ ಚಿತ್ರ ಕುಣಿದರೆ ನಡುಕ ನೆಲದಿಂದಲೇ ಬರ್ತಿದೆ ಅಂತ. ಅವರು ನಿಂತ ಮೇಲೆ ಒತ್ತಿ.

ಮಲೆನಾಡ_ಮಳೆ:
ಒಳ್ಳೆ ಮಾತು. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗೋಡೆಗೆ ದಿನಪತ್ರಿಕೆ ಅಂಟಿಸಿ, ಕಂಬ ಇಳಿಸಿ, 1/40ರಲ್ಲಿ ಸುಮ್ನೆ ಬೆರಳಲ್ಲಿ ಹತ್ತು ಫೋಟೋ. ಆಮೇಲೆ ಮೆನುವಿನಲ್ಲಿ ಎಕ್ಸ್‌ಪೋಷರ್ ಡಿಲೇ (ಕನ್ನಡಿ ಎದ್ದ ಮೇಲೆ ಸ್ವಲ್ಪ ತಡೆದು ಫೋಟೋ ತೆಗೆಯೋದು) ಮೂರು ಸೆಕೆಂಡ್ ಹಾಕಿ ಹತ್ತು. ಅಕ್ಷರ ಮೇಲೆ ಕೆಳಗೆ ಎರಡೆರಡಾಗಿ ಕಂಡರೆ ಕನ್ನಡಿ. ಅಡ್ಡಾದಿಡ್ಡಿ ಎಳೆದಿದ್ದರೆ ಬೆರಳು ಅಥವಾ ಸಡಿಲ ಹೆಡ್.

ಹೊಸಪೇಟೆ_ಹುಡುಗ:
ಮಾಡಿದೆ ಮೇಡಂ!! ಮೊದಲ ಹತ್ತರಲ್ಲಿ ಎಂಟು ಮೇಲೆ ಕೆಳಗೆ ಎರಡೆರಡು. ಡಿಲೇ ಹಾಕಿದ ಹತ್ತರಲ್ಲಿ ಒಂಬತ್ತು ಚೊಕ್ಕ, ಸಣ್ಣ ಅಕ್ಷರದ ಜಾಹೀರಾತೂ ಓದಬಹುದು. ಲೆನ್ಸ್ ಸರಿಯಾಗಿದೆ, ಇಷ್ಟು ದಿನ ಅದರ ಮೇಲೆ ಸುಮ್ನೆ ಸಿಟ್ಟು ಮಾಡಿಕೊಂಡಿದ್ದೆ. ಆದರೆ ಕರಡಿ ಮೂರು ಸೆಕೆಂಡ್ ತಲೆ ಅಲ್ಲಾಡಿಸದೆ ಇರುತ್ತಾ?

ಮಲೆನಾಡ_ಮಳೆ:
ಇರಲ್ಲ, ನೆಕ್ಕುವಾಗ ತಲೆ ಆಡ್ತಾನೇ ಇರುತ್ತೆ. ಡಿಲೇ ಪರೀಕ್ಷೆಗೆ ಮತ್ತು ಬಂಡೆ, ಗುಡ್ಡದ ಫೋಟೋಗೆ. ಕರಡಿಗೆ 1/320, ಆಗೋದಾದರೆ ಇನ್ನೂ ಜಾಸ್ತಿ. ಐದಾರು ಫೋಟೋ ಒಟ್ಟಿಗೆ ಬಿಡಿ, ತಲೆ ಎತ್ತಿ ಒಂದು ಕ್ಷಣ ನಿಲ್ಲುತ್ತಲ್ವಾ, ಆಗ. ವೈರ್ ರಿಮೋಟ್ ಒಂದು ತಗೊಳ್ಳಿ.

ಬಯಲುಸೀಮೆ:
ಕಂಬಕ್ಕೆ ಕೊಕ್ಕೆ ಇದ್ದರೆ ಬ್ಯಾಗ್ ತೂಗು ಹಾಕಿ, ನೆಲಕ್ಕೆ ಸ್ವಲ್ಪ ತಾಗಿರಲಿ. ಗಾಳಿಗೆ ಬ್ಯಾಗ್ ತೂಗಾಡಿದರೆ ಅದೇ ಇನ್ನೊಂದು ನಡುಕ.

ಹೊಸಪೇಟೆ_ಹುಡುಗ:
ಭಾನುವಾರ ಮತ್ತೆ ಹೋಗ್ತೀನಿ. ಬಂದ ತಕ್ಷಣ ಹಾಕ್ತೀನಿ.

ಹೊಸಬ_ಗದಗ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಡಿ5600, 70-300. ಮಾಗಡಿ ಕೆರೆ ಏರಿ ಮೇಲೆ ಪಟ್ಟೆತಲೆ ಹೆಬ್ಬಾತು ತೆಗೀವಾಗ ಇದೇ ಥರ ಆಗುತ್ತೆ, ಆದರೆ ನನ್ನ ಶಟರ್ 1/1000 ಇದೆ. ಅದಕ್ಕೂ ಕನ್ನಡಿ ಕಾರಣನಾ?

ಕಾವೇರಿ_ಕ್ಲಿಕ್ಸ್:
ವಿಆರ್ ಆನ್ ಇದೆಯಾ?