ಸಾಲದ ಮಿತಿಗೆ ಉಳಿದಿರುವುದು ಶೇ 0.09: ರಾಜ್ಯದ ಖರ್ಚಿನ ಕುರಿತು ಚರ್ಚೆ

ಖಜಾನೆಯ ಹಳಬ:
2025-26ರ ಆಯವ್ಯಯದ ಪ್ರಕಾರ ಕರ್ನಾಟಕ ಸರ್ಕಾರ ಆ ವರ್ಷ ಎತ್ತುವ ಸಾಲ 1,16,000 ಕೋಟಿ ರೂಪಾಯಿ. ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅದೇ ಪುಸ್ತಕದ ಅಂಕಿಗಳಿಂದ ಲೆಕ್ಕ ಹಾಕಬಹುದು. ಹಳೆಯ ಸಾಲದ ಅಸಲು ತೀರಿಸಲು 26,474 ಕೋಟಿ ಬೇಕು. ರಾಜಸ್ವ ಕೊರತೆ 19,262 ಕೋಟಿ ಇದೆ, ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳಂಥ ದಿನನಿತ್ಯದ ಖರ್ಚಿಗೆ ತೆರಿಗೆಯ ಹಣ ಅಷ್ಟರಮಟ್ಟಿಗೆ ಸಾಲುತ್ತಿಲ್ಲ. ಇವೆರಡನ್ನೂ ಕಳೆದರೆ, ಸಾಲವಾಗಿ ತಂದ ಪ್ರತಿ ನೂರು ರೂಪಾಯಿಯಲ್ಲಿ ಅಣೆಕಟ್ಟು, ರಸ್ತೆ, ಶಾಲಾ ಕಟ್ಟಡಗಳಿಗೆ ಉಳಿಯುವುದು ಸುಮಾರು ಅರವತ್ತು ಮಾತ್ರ.

ಸರ್ಕಾರದ ಕೊರತೆ, ಸಾಲಗಳಿಗೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು 2002ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. 2004-05ರಿಂದ ಕೋವಿಡ್ ಬರುವವರೆಗೂ ರಾಜಸ್ವ ಖಾತೆಯಲ್ಲಿ ಹೆಚ್ಚುವರಿಯನ್ನು ಉಳಿಸಿಕೊಂಡು ಬಂದೆವು. 2025-26ರ ಕೊನೆಗೆ ಒಟ್ಟು ಹೊಣೆಗಾರಿಕೆ, ಅಂದರೆ ತೀರಿಸಬೇಕಾದ ಸಾಲ, 7,64,655 ಕೋಟಿಗೆ ಏರುತ್ತದೆಂಬ ಅಂದಾಜಿದೆ, ಅದು ರಾಜ್ಯದ ಆಂತರಿಕ ಉತ್ಪನ್ನದ ಶೇ 24.91. ಕಾನೂನಿನ ಮಿತಿ ಶೇ 25. ನಡುವೆ ಉಳಿದ ಅಂತರವನ್ನು ರೂಪಾಯಿಗೆ ಇಳಿಸಿದರೆ ಮೂರು ಸಾವಿರ ಕೋಟಿಯೂ ಆಗುವುದಿಲ್ಲ. ಮುಂದೆ ಒಂದು ಬರಗಾಲವೋ ಪ್ರವಾಹವೋ ಬಂದರೆ ಸರ್ಕಾರ ಯಾವ ಬಲದಿಂದ ಎದ್ದು ನಿಲ್ಲುತ್ತದೆ? ಐದು ಗ್ಯಾರಂಟಿಗಳಿಗೆ ತೆಗೆದಿರಿಸಿದ್ದು 51,034 ಕೋಟಿ. ಈ ಹಣವನ್ನು ಮುಟ್ಟದೆ ಕೊರತೆ ತುಂಬುವ ದಾರಿ ನನಗೆ ಕಾಣುತ್ತಿಲ್ಲ.

ತುಂಗಾತೀರ:
ತಾವು ಕೊಟ್ಟ ಅಂಕಿಗಳನ್ನು ನಾನು ಒಪ್ಪುತ್ತೇನೆ, ಅವುಗಳಿಂದ ತಾವು ತಲುಪಿದ ತೀರ್ಮಾನವನ್ನು ಒಪ್ಪಲಾರೆ. ಏಳನೇ ವೇತನ ಆಯೋಗದ ಶಿಫಾರಸನ್ನು 2024ರ ಆಗಸ್ಟ್ 1ರಿಂದ ಜಾರಿಗೆ ತಂದಾಗ ಸರ್ಕಾರವೇ ಅಂದಾಜಿಸಿದ ವಾರ್ಷಿಕ ಹೊರೆ 20,208 ಕೋಟಿ. ಅದು ತಾವು ಹೇಳಿದ ಇಡೀ ರಾಜಸ್ವ ಕೊರತೆಗಿಂತ ಹೆಚ್ಚು. ಆದರೂ ನೌಕರರ ವೇತನದಿಂದ ರಾಜ್ಯ ದಿವಾಳಿಯಾಯಿತು ಎಂದು ಯಾರೂ ಹೇಳುವುದಿಲ್ಲ, ಹಾಗೆ ಹೇಳಬೇಕೆಂದು ನಾನೂ ಬಯಸುವುದಿಲ್ಲ. ಹಳ್ಳಿಯ ಹೆಂಗಸಿನ ಖಾತೆಗೆ ತಿಂಗಳಿಗೆ ಎರಡು ಸಾವಿರ ಬಿದ್ದಾಗ ಮಾತ್ರ ನಮಗೆ ಖಜಾನೆಯ ನೆನಪಾಗುವುದೇಕೆ ಎಂಬುದು ನನ್ನ ಪ್ರಶ್ನೆ.

ಶಿವಮೊಗ್ಗದ ಹತ್ತಿರದ ನಮ್ಮೂರಿನಲ್ಲಿ ನಾಟಿ, ಕಳೆಯ ಕೆಲಸ ಇಲ್ಲದ ತಿಂಗಳುಗಳಲ್ಲಿ ಮನೆಯಲ್ಲೇ ಇರುತ್ತಿದ್ದ ಹೆಂಗಸರು ಈಗ ಬೆಳಿಗ್ಗೆ ಏಳರ ಉಚಿತ ಬಸ್ಸಿಗೆ ಪಟ್ಟಣದ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಮೊದಲು ದಿನಗೂಲಿಯ ಒಂದು ಪಾಲು ಬಸ್ ಚಾರ್ಜಿಗೇ ಹೋಗುತ್ತಿದ್ದುದರಿಂದ ಯಾರೂ ಅತ್ತ ತಲೆಹಾಕುತ್ತಿರಲಿಲ್ಲ. ಗೃಹಲಕ್ಷ್ಮಿಯ ಹಣ ಬಂದ ದಿನವೇ ಸಂಘದ ಸಾಲದ ಕಂತು ಕಟ್ಟುವ ಮನೆಗಳನ್ನು ನಾನು ಬಲ್ಲೆ. ಕಿರುಸಾಲದ ಕಂಪನಿಗಳ ವಸೂಲಿಗಾರರ ಕಾಟ ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಗಿ ಬಂದ ರಾಜ್ಯದಲ್ಲಿ ಆ ಎರಡು ಸಾವಿರವನ್ನು ದುಂದುವೆಚ್ಚ ಎನ್ನುವುದು ನನಗೆ ನ್ಯಾಯವಾಗಿ ತೋರುವುದಿಲ್ಲ.

ಅಂಗಡಿ ಬೀದಿ, ದಾವಣಗೆರೆ:
ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಪಡೆಯುತ್ತಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2024ರ ಜೂನ್‌ನಲ್ಲಿ ಪೆಟ್ರೋಲ್, ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿತು, 2025ರ ಜನವರಿಯಲ್ಲಿ ಬಸ್ ದರ ಶೇ 15 ಹೆಚ್ಚಾಯಿತು, ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ನಾಲ್ಕು ರೂಪಾಯಿ ಕೂಡಿತು, ಅದೇ ದಿನ ಡೀಸೆಲ್ ತೆರಿಗೆ ಮತ್ತೆ ಏರಿತು. ಸರಕು ಸಾಗಣೆಯ ಬಾಡಿಗೆ ಏರಿದರೆ ಅಕ್ಕಿ ಬೇಳೆಯ ದರವೂ ಏರುತ್ತದೆ, ಆ ದರವನ್ನು ಕೊಡುವವರು ಅದೇ ಗೃಹಲಕ್ಷ್ಮಿಯರು.

ತುಂಗಾತೀರ:
ಹಾಲಿನ ನಾಲ್ಕು ರೂಪಾಯಿ ಉತ್ಪಾದಕ ರೈತರಿಗಾಗಿ ಏರಿಸಿದ್ದೆಂದು ಪ್ರಕಟಿಸಲಾಗಿದೆ, ಅದನ್ನು ಖಜಾನೆಯ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ. ಉಳಿದ ಮಾತನ್ನು ಒಪ್ಪುತ್ತೇನೆ.

ವಿತ್ತಾರ್ಥಿ:
ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತು. ರಾಜ್ಯದ ಸಾಲವನ್ನಷ್ಟೇ ನೋಡಿದರೆ ಅರ್ಧ ಚಿತ್ರ ಮಾತ್ರ ಕಾಣುತ್ತದೆ. ಕೇಂದ್ರದ 2025-26ರ ಆಯವ್ಯಯದಲ್ಲಿ ಬಡ್ಡಿ ಪಾವತಿಗೇ ಸುಮಾರು 12.76 ಲಕ್ಷ ಕೋಟಿ ಮೀಸಲಾಗಿದೆ, ಅದೇ ವರ್ಷ ಆಸ್ತಿ ನಿರ್ಮಾಣಕ್ಕೆ ಹೋಗುವ ಬಂಡವಾಳ ವೆಚ್ಚ 11.21 ಲಕ್ಷ ಕೋಟಿ. ರೈಲು, ಹೆದ್ದಾರಿ, ರಕ್ಷಣಾ ಸಾಮಗ್ರಿ ಎಲ್ಲಕ್ಕೂ ಸೇರಿ ಖರ್ಚಾಗುವುದಕ್ಕಿಂತ ಹೆಚ್ಚಿನ ಹಣ ಹಳೆಯ ಸಾಲದ ಬಡ್ಡಿಗೆ ಹೋಗುತ್ತಿದೆ. ಕೇಂದ್ರದ ಕೊರತೆ, ಸಾಲಗಳ ಮಿತಿಯನ್ನು ಪರಿಶೀಲಿಸಿದ ಎನ್.ಕೆ. ಸಿಂಗ್ ಸಮಿತಿ 2017ರಲ್ಲಿ ಕೇಂದ್ರದ ಸಾಲವನ್ನು ದೇಶದ ಉತ್ಪನ್ನದ ಶೇ 40ಕ್ಕೆ ಇಳಿಸಬೇಕೆಂದು ಹೇಳಿತ್ತು. ಕೋವಿಡ್ ವರ್ಷದ ಕೊರತೆಯ ನಂತರ ಆ ಗುರಿ ಕೈತಪ್ಪಿತು, ಈಗ 2031ರ ಮಾರ್ಚ್ ವೇಳೆಗೆ ಶೇ 50ರ ಆಸುಪಾಸಿಗೆ ತರುವುದಾಗಿ ಹೇಳಲಾಗುತ್ತಿದೆ.

ಶ್ರೀಲಂಕಾದ ಉದಾಹರಣೆ ಕೊಟ್ಟು ಹೆದರಿಸುವವರಿಗೂ ಒಂದು ಉತ್ತರ ಹೇಳಬೇಕು. ಆ ದೇಶ 2022ರ ಏಪ್ರಿಲ್‌ನಲ್ಲಿ ಕೈಚೆಲ್ಲಿದ್ದು ಡಾಲರ್‌ನಲ್ಲಿ ತೀರಿಸಬೇಕಿದ್ದ ವಿದೇಶಿ ಸಾಲದಿಂದ. ನಮ್ಮ ರಾಜ್ಯಗಳ ಸಾಲಪತ್ರಗಳನ್ನು ರಿಸರ್ವ್ ಬ್ಯಾಂಕ್ ರೂಪಾಯಿಯಲ್ಲಿ ಹರಾಜು ಹಾಕುತ್ತದೆ, ಬ್ಯಾಂಕುಗಳು, ವಿಮಾ ಸಂಸ್ಥೆಗಳು, ಭವಿಷ್ಯನಿಧಿಗಳು ಅವನ್ನು ಕೊಳ್ಳುತ್ತವೆ. ಹಾಗೆಂದು ನೆಮ್ಮದಿಯಿಂದ ಇರುವಂತಿಲ್ಲ. ಕೇಂದ್ರದ ಬೆನ್ನಿಗೆ ನೋಟು ಹೊರಡಿಸುವ ಬ್ಯಾಂಕ್ ಇದೆ, ರಾಜ್ಯಕ್ಕೆ ಆ ಆಸರೆ ಇಲ್ಲ, ಸಂವಿಧಾನದ 293ನೇ ವಿಧಿಯ ಪ್ರಕಾರ ಕೇಂದ್ರದ ಸಾಲ ಬಾಕಿ ಇರುವವರೆಗೆ ಹೊಸ ಸಾಲಕ್ಕೂ ಅದರ ಒಪ್ಪಿಗೆ ಬೇಕು. ಇದರ ಜೊತೆಗೆ 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ಮಾಡುವ ಕೇಂದ್ರ ತೆರಿಗೆಯ ಹಂಚಿಕೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ 3.647ಕ್ಕೆ ಇಳಿಸಿತು, ಜಿಎಸ್‌ಟಿಯಿಂದಾದ ನಷ್ಟಕ್ಕೆ ಕೇಂದ್ರ ಕೊಡುತ್ತಿದ್ದ ಪರಿಹಾರವೂ 2022ರ ಜೂನ್‌ಗೆ ನಿಂತಿತು. ಹೀಗಾಗಿ ಆದಾಯದ ಕಡೆಯಿಂದ ಬಿದ್ದ ಏಟನ್ನು ಮರೆತು ವೆಚ್ಚವನ್ನಷ್ಟೇ ದೂರುವುದು ಅಪೂರ್ಣವಾದ ವಾದ.

ಖಜಾನೆಯ ಹಳಬ:
ಪಾಲು ಕಡಿಮೆಯಾದದ್ದು ಅನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆದಾಯ ಕಡಿಮೆಯಾಗಿದೆ ಎಂದು ಗೊತ್ತಿದ್ದ ಮೇಲೂ ಹೊಸ ಶಾಶ್ವತ ವೆಚ್ಚವನ್ನು ಮೈಮೇಲೆ ಎಳೆದುಕೊಳ್ಳುವುದನ್ನು ಆ ಅನ್ಯಾಯ ಹೇಗೆ ಸಮರ್ಥಿಸುತ್ತದೆ? 2023-24ರ ಲೆಕ್ಕಗಳ ಕುರಿತ ಮಹಾಲೇಖಪಾಲರ (ಸಿಎಜಿ) ವರದಿಯ ಪ್ರಕಾರ ಆ ವರ್ಷ ರಾಜ್ಯದ ನಿವ್ವಳ ಮಾರುಕಟ್ಟೆ ಸಾಲ 63,000 ಕೋಟಿ, ಹಿಂದಿನ ವರ್ಷಕ್ಕಿಂತ 37,000 ಕೋಟಿ ಹೆಚ್ಚು. ಅದೇ ವರ್ಷ ಬಂಡವಾಳ ವೆಚ್ಚ 5,229 ಕೋಟಿಯಷ್ಟು ಕುಗ್ಗಿತು. ಸಾಲ ಬೆಳೆದು ಆಸ್ತಿ ನಿರ್ಮಾಣ ಇಳಿದದ್ದು ನನ್ನ ಆತಂಕದ ಮೂಲ. ಇದು ಯಾವ ಪಕ್ಷದ ಸರ್ಕಾರ ಎಂಬುದು ನನಗೆ ಮುಖ್ಯವಲ್ಲ. 2020ರಲ್ಲಿ ವಿತ್ತೀಯ ಕೊರತೆಯ, ಅಂದರೆ ಸಾಲದಿಂದ ತುಂಬುವ ಒಟ್ಟು ಕೊರತೆಯ ಮಿತಿಯನ್ನು ರಾಜ್ಯದ ಉತ್ಪನ್ನದ ಶೇ 3ರಿಂದ 5ಕ್ಕೆ ಸಡಿಲಿಸಿ ಅಧಿನಿಯಮವನ್ನು ತಿದ್ದಿದ್ದು ಬೇರೆ ಪಕ್ಷದ ಸರ್ಕಾರ.

ಕೃಷ್ಣಾ ಸೀಮೆ:
ಇಷ್ಟು ಹೊತ್ತು ಓದುತ್ತಿದ್ದೆ, ಬಂಡವಾಳ ವೆಚ್ಚದ ಮಾತು ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ವಿಜಯಪುರ ಜಿಲ್ಲೆಯ ನಮ್ಮ ಹೊಲದ ಪಕ್ಕದಲ್ಲಿ ವಿತರಣಾ ಕಾಲುವೆಯ ಮಣ್ಣಿನ ಕೆಲಸ ಎಂದೋ ಮುಗಿದಿದೆ. ಕಾಂಕ್ರೀಟ್ ಹೊದಿಕೆ ಬೀಳದೆ ದಂಡೆ ಕುಸಿದು ತಳದಲ್ಲಿ ಜಾಲಿ ಬೆಳೆದು ನಿಂತಿದೆ, ಈಗ ಅದರಲ್ಲಿ ಕುರಿ ಮೇಯುತ್ತವೆ. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಮೂರನೇ ಹಂತಕ್ಕೆ ಭೂಮಿ ಕಳೆದುಕೊಳ್ಳುವವರಿಗೆ ಪರಿಹಾರ ನೀಡಲು 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಭೂಮಿಗೆ 30 ಲಕ್ಷ, ಒಟ್ಟು ಅಂದಾಜು 70,000 ಕೋಟಿ. ಈ ನಿರ್ಧಾರ ನಮ್ಮ ಭಾಗಕ್ಕೆ ಬಹಳ ತಡವಾಗಿ ದೊರೆತ ನ್ಯಾಯ. ಆದರೆ ಸಾಲದ ಮಿತಿಗೆ ಮೂರು ಸಾವಿರ ಕೋಟಿಯೂ ಉಳಿಯದ ಸರ್ಕಾರ ಆ ಎಪ್ಪತ್ತು ಸಾವಿರ ಕೋಟಿಯನ್ನು ಎಲ್ಲಿಂದ ತರುತ್ತದೆ? ನಿಗಮಗಳ ಹೆಸರಿನಲ್ಲಿ ಸಾಲ ಎತ್ತಿ ಆಯವ್ಯಯದ ಹೊರಗಿಡುವ ಹಳೆಯ ದಾರಿಯೂ ಮುಚ್ಚಿದಂತಾಗಿದೆ, ಅಂಥ ಸಾಲವನ್ನೂ ರಾಜ್ಯದ ಮಿತಿಯೊಳಗೇ ಎಣಿಸುವ ಕ್ರಮವನ್ನು ಕೇಂದ್ರ ತಂದಿದೆ. ತುಂಗಾತೀರದವರೇ, ನಮ್ಮ ತಾಯಂದಿರೂ ಗೃಹಲಕ್ಷ್ಮಿ ಪಡೆಯುತ್ತಾರೆ, ಅದನ್ನು ಕಸಿದುಕೊಳ್ಳಿ ಎನ್ನುವಷ್ಟು ಕಠೋರ ನಾನಲ್ಲ. ಕಾಲುವೆಗೆ ನೀರು ಬಂದರೆ ಅದೇ ತಾಯಿಗೆ ಎರಡು ಬೆಳೆಯ ಆದಾಯ ಸಿಗುತ್ತದೆ, ಅದರ ಮುಂದೆ ವರ್ಷದ 24,000 ರೂಪಾಯಿ ಸಣ್ಣದು.

ತುಂಗಾತೀರ:
ಈ ಚರ್ಚೆಯಲ್ಲಿ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ತಮ್ಮ ಮಾತು. ಹಾಗಿದ್ದರೂ ಕಡಿತ ಎಲ್ಲಿಂದ ಶುರುವಾಗಬೇಕು ಎಂಬುದರಲ್ಲಿ ನಾನು ಹಟ ಬಿಡುವುದಿಲ್ಲ. ಆದಾಯ ತೆರಿಗೆ ಕಟ್ಟುವ ಮನೆಗಳನ್ನು ಗೃಹಲಕ್ಷ್ಮಿಯಿಂದ ಮೊದಲೇ ಹೊರಗಿಡಲಾಗಿದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತಿಗೆ ಅಂಥ ಯಾವ ಜರಡಿಯೂ ಇಲ್ಲ. ಎರಡು ಎಕರೆಯ ರೈತನಿಗೂ ಇಪ್ಪತ್ತು ಎಕರೆ ಅಡಿಕೆ ತೋಟದ ಒಡೆಯನಿಗೂ ಒಂದೇ ನಿಯಮ, ಹಲವೆಡೆ ಮೀಟರ್ ಕೂಡ ಇಲ್ಲದೆ ಬಳಕೆಯನ್ನು ಅಂದಾಜಿನ ಮೇಲೆ ಬರೆಯಲಾಗುತ್ತದೆ. ಮೊದಲು ಅಲ್ಲಿಗೆ ಮೀಟರ್ ಬರಲಿ, ದೊಡ್ಡ ಹಿಡುವಳಿದಾರರಿಂದ ದರ ವಸೂಲಾಗಲಿ. ಆಮೇಲೂ ಕೊರತೆ ಉಳಿದರೆ ಹೆಂಗಸರ ಹಣದ ಬಗ್ಗೆ ಮಾತಾಡೋಣ.

ಖಜಾನೆಯ ಹಳಬ:
ಆ ಕ್ರಮಕ್ಕೆ ನನ್ನ ಒಪ್ಪಿಗೆಯಿದೆ, ಆದರೆ ಅದಕ್ಕೊಂದು ಗಡುವೂ ಬೇಕು. ಆಯವ್ಯಯದ ಜೊತೆಗೆ ಪ್ರತಿವರ್ಷ ಸದನದಲ್ಲಿ ಮಂಡಿಸುವ ಮಧ್ಯಮಾವಧಿ ವಿತ್ತೀಯ ಯೋಜನೆಯಲ್ಲಿ ರಾಜಸ್ವ ಕೊರತೆ ಯಾವ ವರ್ಷ ಸೊನ್ನೆಗೆ ಇಳಿಯುತ್ತದೆ, ಅದಕ್ಕಾಗಿ ಯಾವ ಸಹಾಯಧನ ಎಷ್ಟು ತಗ್ಗುತ್ತದೆ ಎಂಬುದನ್ನು ಬಾಬ್ತುವಾರು ಬರೆಯಲಿ.

ಕೃಷ್ಣಾ ಸೀಮೆ:
ಬರೆಯುವುದಾದರೆ ಮೂರನೇ ಹಂತದ ಪರಿಹಾರಕ್ಕೆ ಯಾವ ವರ್ಷ ಎಷ್ಟು ಕೋಟಿ ಎಂಬುದೂ ಅದೇ ಪುಟದಲ್ಲಿ ಇರಲಿ.